ಬಿರುಕು ಬಿಟ್ಟ ಪಾತ್ರೆ ಯಾವಾಗ ಒಡೆಯುವುದು?

ಆವಿಯ ಬಾಯ್ಲರು, ಅಡುಗೆ ಅನಿಲದ ಸಿಲಿಂಡರು, ವಿಮಾನದ ಪ್ರಯಾಣಿಕರ ಕೋಣೆ ಇವೆಲ್ಲವೂ ಒಳಗಿನ ಒತ್ತಡವನ್ನು ತಡೆದು ನಿಲ್ಲುವ ಪಾತ್ರೆಗಳೇ. ಇಂತಹ ಪಾತ್ರೆಯ ಗೋಡೆಯಲ್ಲಿ ಕಣ್ಣಿಗೆ ಬೀಳದ ಬಿರುಕೊಂದಿದ್ದರೆ, ಅದು ಒಡೆಯುವುದನ್ನು ಮೊದಲೇ ತಿಳಿಯಲು ಸಾಧ್ಯವೇ? ಇದರ ಉತ್ತರದ ಮೇಲೆ ಅನೇಕರ ಪ್ರಾಣವು ನಿಂತಿರುವುದರಿಂದ ನಾವು ಇದನ್ನು ತುಸು ವಿಚಾರಿಸೋಣ.

ಕೊಳವೆಯಾಕಾರದ ಪಾತ್ರೆಯೊಂದರ ತ್ರಿಜ್ಯ 50 ಸೆಂಟಿಮೀಟರು, ಗೋಡೆಯ ದಪ್ಪ 1 ಸೆಂಟಿಮೀಟರು, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ, ಗೋಡೆಯನ್ನು ಸುತ್ತಲೂ ಎಳೆಯುವ ಸೆಳೆತವು ಚದರ ಸೆಂಟಿಮೀಟರಿಗೆ 500 ಕಿಲೋಗ್ರಾಂ ಎಂದು ತಿಳಿಯುವುದು. ಉದ್ದದ ದಿಕ್ಕಿನ ಸೆಳೆತವು ಇದರ ಅರ್ಧ ಮಾತ್ರ. ಆದುದರಿಂದಲೇ ಉದ್ದಕ್ಕೆ ಬಿದ್ದ ಬಿರುಕು ಅಡ್ಡಕ್ಕೆ ಬಿದ್ದುದಕ್ಕಿಂತ ಹೆಚ್ಚು ಅಪಾಯಕರವಾದುದು.

ಬಟ್ಟೆಯ ಅಂಚಿಗೆ ಕತ್ತರಿ ತಾಗಿಸಿ ಎಳೆದರೆ ಅದು ಸುಲಭವಾಗಿ ಹರಿಯುವುದಷ್ಟೆ. ಹಾಗೆಯೇ ಬಿರುಕಿನ ತುದಿಯಲ್ಲಿ ಸೆಳೆತವು ಗುಂಪುಗೂಡುತ್ತದೆ. ಇಂಗ್ಲೆಂಡಿನ ಗ್ರಿಫಿತ್ ಎಂಬ ವಿಜ್ಞಾನಿಯು ಗಾಜಿನ ಮೇಲೆ ಪ್ರಯೋಗ ನಡೆಸಿ 1921ರಲ್ಲಿ ಇದರ ನಿಯಮವನ್ನು ಪ್ರಕಟಿಸಿದನು. ಬಿರುಕು ನಾಲ್ಕು ಮಡಿ ಬೆಳೆದರೆ, ಮೊದಲಿನ ಅರ್ಧದಷ್ಟು ಸೆಳೆತಕ್ಕೇ ವಸ್ತುವು ಒಡೆಯುತ್ತದೆ. ಈ ವಿಚಾರವನ್ನು ಅಮೆರಿಕದ ಇರ್ವಿನ್ ಎಂಬವನು 1950ರ ದಶಕದಲ್ಲಿ ಲೋಹಗಳಿಗೂ ಅನ್ವಯಿಸಿದನು.

ಪಾತ್ರೆಯನ್ನು ಪರೀಕ್ಷಿಸುವ ಕ್ರಮದ ಅರ್ಥವೂ ಇದರಿಂದ ತಿಳಿಯುವುದು. ನೀರು ತುಂಬಿ ಬಳಕೆಯ ಒತ್ತಡದ ಒಂದೂವರೆ ಮಡಿ ಒತ್ತಿದಾಗಲೂ ಪಾತ್ರೆ ಒಡೆಯದಿದ್ದರೆ, ಅದರಲ್ಲಿರುವ ಯಾವ ಬಿರುಕೇ ಆಗಲಿ ಸುಮಾರು 2.25 ಮಡಿ ಬೆಳೆಯುವವರೆಗೆ ಬಳಕೆಯ ಒತ್ತಡದಲ್ಲಿ ಅದು ಒಡೆಯಲಾರದು. ನೀರು ಗಾಳಿಯಂತೆ ಕುಗ್ಗಿ ಹಿಗ್ಗುವುದಿಲ್ಲವಾದುದರಿಂದ, ಪರೀಕ್ಷೆಯಲ್ಲಿ ಪಾತ್ರೆ ಒಡೆದರೂ ಸಿಡಿತವಾಗುವುದಿಲ್ಲ.

ಆದರೆ ಒತ್ತಡವು ಏರಿಳಿದ ಪ್ರತಿ ಸಲವೂ ಬಿರುಕು ಕೊಂಚಕೊಂಚವಾಗಿ ಬೆಳೆಯಬಲ್ಲುದು. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ವಿಮಾನಗಳು ಇಟಲಿಯ ಬಳಿ ಆಕಾಶದಲ್ಲಿಯೇ ಒಡೆದು 56 ಮಂದಿ ಮಡಿದರು. ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿರಿಸಿ, ಮತ್ತೆ ಮತ್ತೆ ಒತ್ತಡ ಏರಿಸಿ ಇಳಿಸಿದರು. ಒಟ್ಟು ಸುಮಾರು 3000 ಹಾರಾಟಗಳಿಗೆ ಸಮನಾದಾಗ ಕಿಟಕಿಯ ಮೂಲೆಯಿಂದ ಬಿರುಕು ಹರಿದು ಗೋಡೆ ಸೀಳಿತು.

ಆದುದರಿಂದ ಪರೀಕ್ಷೆಯು ಒಮ್ಮೆ ಮಾತ್ರ ನಡೆದರೆ ಸಾಲದು. ನಮ್ಮ ಮನೆಗಳ ಅನಿಲದ ಸಿಲಿಂಡರಿನ ಮೇಲೆ ಎ, ಬಿ, ಸಿ, ಡಿ ಎಂಬ ಒಂದು ಅಕ್ಷರವೂ ವರ್ಷದ ಎರಡು ಅಂಕಿಗಳೂ ಇರುತ್ತವೆ. 'ಬಿ 27' ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಮರುಪರೀಕ್ಷೆ ಆಗಬೇಕೆಂದರ್ಥ. ವಿದ್ಯಾರ್ಥಿಗಳು ಇದನ್ನು ಓದಿ ತಂದೆತಾಯಿಯರಿಗೆ ತಿಳಿಸಲಿ. ಅವಧಿ ಮೀರಿದ ಸಿಲಿಂಡರನ್ನು ಹಿರಿಯರು ಹಿಂದಿರುಗಿಸಲಿ.