ಹತ್ತು ಹಲ್ಲು, ಹತ್ತು ಸ್ಟೇಷನ್ನು

ನನ್ನ ಮಗನಿಗೆ ಎರಡು ವರ್ಷ ಎರಡು ತಿಂಗಳಾಗಿದ್ದಾಗ ಬ್ರಶ್ ಕಂಡರೆ ಮಂಚದ ಕೆಳಗೆ ನುಸುಳುವುದನ್ನು ಕಲಿತ. ಹೊರಗೆ ಕಾಣುತ್ತಿದ್ದುದು ಎರಡು ಅಂಗಾಲು ಮಾತ್ರ. ಅವನ್ನು ಹಿಡಿದೆಳೆದು, ಸಿಂಕಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಕೆನ್ನೆ ಅದುಮಿ ಇನ್ನೊಂದು ಕೈಯಲ್ಲಿ ಉಜ್ಜುವುದು ನನ್ನ ರಾತ್ರಿ ಎಂಟು ಗಂಟೆಯ ಕೆಲಸ. ಹರ್ನ್‌ಡನ್‌ನ ನಮ್ಮ ಟೌನ್‌ಹೌಸಿನ ಗೋಡೆಗಳು ತೆಳು. ಪಕ್ಕದ ಮನೆಯಾಕೆ ಒಂದು ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಸಿಕ್ಕು, ‘ಮಗು ಹುಷಾರಾಗಿದೆ ತಾನೆ?’ ಎಂದು ಕೇಳಿದರು. ಅಮೆರಿಕದಲ್ಲಿ ಪಕ್ಕದ ಮನೆಯವರು ಹಾಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಮಾಡದ ಉಪಾಯವಿಲ್ಲ. ಬೆಳಕು ಮಿಣುಕುವ ಬ್ರಶ್ ತಂದೆ. ಅವನು ಬೆಳಕು ನೋಡಿದ, ಬಾಯಿ ತೆರೆಯಲಿಲ್ಲ. ಫೋನಿನಲ್ಲಿ ಹಾಡು ಹಾಕಿದೆ. ಹಾಡು ಮುಗಿಯುವವರೆಗೆ ತುಟಿ ಬಿಗಿಹಿಡಿದು ಕೂತು, ಮುಗಿದ ಮೇಲೆ ‘ಇನ್ನೊಂದು’ ಎಂದ. ಸ್ಟಿಕ್ಕರಿನ ಆಸೆ ನಾಲ್ಕೇ ದಿನಕ್ಕೆ ತೀರಿತು. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಹಸುವಿನದು. ನಮ್ಮೂರಲ್ಲಿ ಫ್ರೈಯಿಂಗ್ ಪ್ಯಾನ್ ಫಾರ್ಮ್ ಪಾರ್ಕ್ ಎಂಬ ಹಳೆಯ ಕಾಲದ ಹೊಲಮನೆ ಇದೆ. ಹಸು, ಮೇಕೆ, ಹಂದಿಗಳನ್ನು ಮಕ್ಕಳು ಹತ್ತಿರದಿಂದ ನೋಡಬಹುದು. ‘ಅಂಬಾ ನೋಡು, ಎಷ್ಟು ಚೆಂದ ಹಲ್ಲಿಟ್ಟುಕೊಂಡಿದೆ’ ಎಂದು ತೋರಿಸಲು ಕರೆದೊಯ್ದೆ. ಹಸು ನಿಧಾನಕ್ಕೆ ಬಾಯಿ ತೆರೆಯಿತು. ಮೇಲೆ ಮುಂದಿನ ಹಲ್ಲೇ ಇಲ್ಲ! ಹಸುವಿಗೆ ಮುಂದಿನ ಹಲ್ಲು ಇರುವುದು ಕೆಳಗೆ ಮಾತ್ರ, ಮೇಲೆ ಗಟ್ಟಿ ಒಸಡು. ಕೊಟ್ಟಿಗೆಯಲ್ಲಿ ಬೆಳೆದ ನಾನೇ ಇದನ್ನು ಮರೆತಿದ್ದೆ. ಆ ರಾತ್ರಿ ಅವನು ಮೇಲಿನ ತುಟಿಯನ್ನು ಕೈಯಿಂದ ಮುಚ್ಚಿಕೊಂಡು ‘ಅಂಬಾ’ ಎಂದ. ಮೇಲೆ ಹಲ್ಲಿಲ್ಲ, ಉಜ್ಜುವ ಹಾಗಿಲ್ಲ ಎಂದು ಅರ್ಥ.

ಹೆಂಡತಿ ಒಂದು ದಿನ ನೇರವಾಗಿ ಕೇಳಿದಳು: ‘ಊಟ ಬಿಟ್ಟರೆ ಸುಮ್ಮನಿರ್ತೀರಿ, ನಿದ್ದೆ ಬಿಟ್ಟರೆ ಸುಮ್ಮನಿರ್ತೀರಿ. ಹಲ್ಲಿನ ವಿಷಯಕ್ಕೆ ಮಾತ್ರ ಯಾಕೆ ಹೀಗಾಡ್ತೀರಿ?’

ನಾನು ಪಾವಗಡದ ಕಡೆಯವನು. ಅಲ್ಲಿ ಕೆರೆ ಬತ್ತಿ ಬೋರ್‌ವೆಲ್ ನೀರೇ ಗತಿಯಾದ ಹಳ್ಳಿಗಳಲ್ಲಿ ಬೆಳೆದವರನ್ನು ನಕ್ಕಾಗ ಗುರುತು ಹಿಡಿಯಬಹುದು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ನೀರಿನಲ್ಲಿರುವ ಫ್ಲೋರೈಡ್ ಅದಕ್ಕೆ ಕಾರಣ ಎಂಬುದು ಈಗ ಎಲ್ಲರಿಗೂ ಗೊತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಯಾರೂ ಹೇಳಿರಲಿಲ್ಲ. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಇಡೀ ಕ್ಲಾಸಿನ ಮುಂದೆ ‘ಹಲ್ಲು ಉಜ್ಜಲ್ವೇನೋ?’ ಎಂದರು. ಮನೆಯಲ್ಲಿ ನಂಜನಗೂಡು ಹಲ್ಲುಪುಡಿ ಇತ್ತು, ಬೇವಿನ ಕಡ್ಡಿಯಂತೂ ಕೈಗೆ ಸಿಗುವಷ್ಟು ಹತ್ತಿರ. ಅದೆಲ್ಲ ಸಾಲದೆಂದು ಒಲೆಯ ಇದ್ದಿಲು, ಉಪ್ಪು, ಕೊನೆಗೆ ಇಟ್ಟಿಗೆ ಪುಡಿ. ಒಸಡಿನಲ್ಲಿ ರಕ್ತ ಬರುವವರೆಗೂ ತಿಕ್ಕಿದೆ. ಪಟ್ಟೆ ಹೋಗಲಿಲ್ಲ. ಮದುವೆಯ ಆಲ್ಬಮ್ಮಿನ ಒಂದು ಫೋಟೋದಲ್ಲೂ ನಾನು ಬಾಯಿ ತೆರೆದು ನಕ್ಕಿಲ್ಲ.

ಮಗನನ್ನು ಮಕ್ಕಳ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಾಗ ಇದೆಲ್ಲ ಹೊರಬಿತ್ತು. ಮೊದಲ ಹುಟ್ಟುಹಬ್ಬದೊಳಗೇ ಒಮ್ಮೆ ತೋರಿಸಬೇಕೆಂಬುದು ಇಲ್ಲಿನ ಪದ್ಧತಿ. ನಾವು ಒಂದು ವರ್ಷ ತಡ. ಆಕೆ ಮಗನ ಬಾಯಿ ನೋಡಿ, ಆಮೇಲೆ ನನ್ನ ಬಾಯಿ ನೋಡಿ (ಕೇಳದೆಯೇ) ಹೇಳಿದ್ದಿಷ್ಟು: ನಿಮ್ಮ ಹಲ್ಲಿನ ಕಲೆ ಉಜ್ಜದೆ ಬಂದದ್ದಲ್ಲ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕುಡಿದ ನೀರಿನಿಂದ ಆದದ್ದು, ಯಾವ ಬ್ರಶ್ಶಿಗೂ ಅದು ಹೋಗುತ್ತಿರಲಿಲ್ಲ. ನನಗೆ ಇದು ಪುಸ್ತಕದ ತಿಳಿವಳಿಕೆಯಾಗಿ ಮೊದಲೇ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಕೈ ಇನ್ನೂ ಇಟ್ಟಿಗೆ ಪುಡಿಯ ಲೆಕ್ಕದಲ್ಲೇ ಮಗನ ಬಾಯಿ ತಿಕ್ಕುತ್ತಿತ್ತು. ಅವನಿಗೋ ಆಗ ಕಡೆಯ ದವಡೆ ಹಲ್ಲುಗಳು ಒಸಡು ಸೀಳಿಕೊಂಡು ಬರುತ್ತಿದ್ದವು. ಊದಿದ ಒಸಡಿನ ಮೇಲೆ ದಿನವೂ ಎರಡು ಸಲ ನನ್ನ ದಂಡಯಾತ್ರೆ. ಮಂಚದ ಕೆಳಗೆ ಹೋಗದೆ ಇನ್ನೇನು ಮಾಡಿಯಾನು?

ಆಕೆ ಕಲಿಸಿದ ಒಂದು ಭಂಗಿ ನನಗೆ ತುಂಬ ಹಿಡಿಸಿತು. ಡಾಕ್ಟರು ಮತ್ತು ನಾನು ಎದುರುಬದುರು ಮಂಡಿ ತಾಗಿಸಿ ಕೂತೆವು; ಮಗುವಿನ ಕಾಲು ನನ್ನ ಕಡೆ, ತಲೆ ಅವರ ಮಡಿಲಲ್ಲಿ. ಅವನಿಗೆ ನನ್ನ ಮುಖ ಕಾಣುತ್ತದೆ, ಅವರಿಗೆ ಬಾಯಿಯ ಮೂಲೆಮೂಲೆ ಕಾಣುತ್ತದೆ. ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಅಜ್ಜಿ: ಬಚ್ಚಲಲ್ಲಿ ಕಾಲು ನೀಡಿ ಕೂತು, ಹಸುಗೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು. ಅಂದಿನಿಂದ ಸಿಂಕಿಗೆ ರಜೆ. ರಾತ್ರಿ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು, ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತೇನೆ. ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಎರಡು ಬೆರಳಲ್ಲಿ ಹಿಡಿದರೆ ಒತ್ತಬೇಕೆಂದರೂ ಒತ್ತಲಾಗುವುದಿಲ್ಲ. ಪೇಸ್ಟೂ ಬದಲಾಯಿತು. ‘ಖಾರ’ ಎಂದು ಅವನು ಅಳುತ್ತಿದ್ದುದು ಹಟವಲ್ಲ. ಪುದೀನ ಅವನ ನಾಲಗೆಗೆ ನಿಜಕ್ಕೂ ಖಾರ.

ಇನ್ನು ರೈಲಿನ ವಿಷಯ. ಡಲ್ಲಸ್ ವಿಮಾನ ನಿಲ್ದಾಣ ದಾಟಿ ಹೋಗುವ ಮೆಟ್ರೋ ಸಿಲ್ವರ್ ಲೈನ್ ವರ್ಷಗಟ್ಟಲೆ ತಡವಾಗಿ, 2022ರ ನವೆಂಬರ್ 15ರಂದು ನಮ್ಮೂರಿಗೆ ಬಂತು. ಮಗನಿಗೆ ಅದರ ಹುಚ್ಚು. ಒಂದು ರಾತ್ರಿ ಅವನ ಮೇಲ್ದವಡೆ ಉಜ್ಜುತ್ತಾ ಸುಮ್ಮನೆ ಸ್ಟೇಷನ್ನುಗಳ ಹೆಸರು ಹೇಳಿದೆ: ಆಶ್‌ಬರ್ನ್, ಲೌಡನ್ ಗೇಟ್‌ವೇ, ಡಲ್ಲಸ್, ಇನೊವೇಶನ್ ಸೆಂಟರ್, ಹರ್ನ್‌ಡನ್, ರೆಸ್ಟನ್ ಟೌನ್ ಸೆಂಟರ್, ವೀಲೀ, ಸ್ಪ್ರಿಂಗ್ ಹಿಲ್, ಗ್ರೀನ್ಸ್‌ಬರೋ, ಟೈಸನ್ಸ್. ಎಣಿಸಿದರೆ ಹತ್ತು. ಹಾಲುಹಲ್ಲು ಒಟ್ಟು ಇಪ್ಪತ್ತು, ಮೇಲೆ ಹತ್ತು. ವಿಮಾನ ನಿಲ್ದಾಣ ಸರಿಯಾಗಿ ಕೋರೆಹಲ್ಲಿಗೆ ಬರುತ್ತದೆ, ನಮ್ಮ ಹರ್ನ್‌ಡನ್ ಮುಂದಿನ ಹಲ್ಲಿಗೆ. ಇದನ್ನು ನಾನು ಯೋಜಿಸಿದ್ದಲ್ಲ, ತಾನಾಗಿ ಒದಗಿಬಂದದ್ದು. ಆಶ್‌ಬರ್ನ್ ಹಲ್ಲು ಇನ್ನೂ ಅರ್ಧ ಮೂಡಿತ್ತು. ಅಲ್ಲಿ ಕಾಮಗಾರಿ ನಡೆದಿದೆ, ರೈಲು ನಿಧಾನ ಹೋಗುತ್ತದೆ ಎಂದೆ. ಮೊದಲ ಬಾರಿಗೆ ಅವನು ತಾನಾಗಿ ದವಡೆಯ ಕೊನೆಯವರೆಗೆ ಬಾಯಿ ತೆರೆದ.

ಕೆಳದವಡೆಗೆ ಬೆಂಗಳೂರು–ಪಾವಗಡ ಬಸ್ಸು. ಯಶವಂತಪುರ, ನೆಲಮಂಗಲ, ದಾಬಸ್‌ಪೇಟೆ, ಕೊರಟಗೆರೆ, ಮಧುಗಿರಿ. ಹೊರಟ ಊರು ತಲುಪಿದ ಊರು ಸೇರಿದರೂ ಏಳೇ ಆಗುತ್ತವೆ. ಉಳಿದ ಮೂರು ಹಲ್ಲಿಗೆ ಕೋರಿಕೆಯ ನಿಲುಗಡೆ.

ಎಲ್ಲ ರಾತ್ರಿಯೂ ರೈಲು ಓಡುತ್ತದೆಂದು ಹೇಳಿದರೆ ಸುಳ್ಳಾದೀತು. ‘ಬಾಗಿಲು ಮುಚ್ಚುತ್ತಿದೆ’ ಎಂದು ಬಾಯಿ ಮುಚ್ಚಿಕೊಳ್ಳುವುದನ್ನೂ ಅವನು ರೈಲಿನಿಂದಲೇ ಕಲಿತ. ಈಗ ನಾನು ಬೆಳಗಿನ ಸರದಿಯಲ್ಲಿ ಸೋಲೊಪ್ಪುತ್ತೇನೆ, ರಾತ್ರಿಯದರಲ್ಲಿ ಇಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಲ್ಲಿಗಂಟಿದ ಸಿಹಿಯನ್ನು ತೊಳೆಯುವವರಿಲ್ಲ, ಹುಳುಕಿಗೆ ಅದೇ ಹಬ್ಬ. ಹಾಗಾಗಿ ಹಾಲಿನ ಬಾಟಲಿಯೂ ಉಜ್ಜುವುದಕ್ಕೆ ಮುಂಚೆಯೇ ಮುಗಿಯಬೇಕು. ಇದಕ್ಕೆ ಎರಡು ವಾರ ಅತ್ತ. ಬ್ರಶ್ಶಿಗಿಂತ ಇದೇ ಕಷ್ಟದ್ದು.

ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಹೊಸ ಪೇಸ್ಟಿನ ಟ್ಯೂಬು ತೋರಿಸಿದೆ. ‘ಫ್ಲೋರೈಡಾ? ಅದೇ ನೀರು ಕುಡಿದು ನಿಮ್ಮಪ್ಪನ ಮಂಡಿ ಹೋಯ್ತು, ನಿನ್ನ ಹಲ್ಲು ಹೋಯ್ತು. ಅದನ್ನೇ ದುಡ್ಡು ಕೊಟ್ಟು ಕೂಸಿನ ಬಾಯಿಗೆ ಹಾಕ್ತೀಯೇನೋ?’ ಎಂದರು. ಉತ್ತರ ಕೊಡುವುದು ಸುಲಭವಿರಲಿಲ್ಲ. ಇಲ್ಲಿ ನಲ್ಲಿ ನೀರಿಗೂ ಬೇಕೆಂದೇ ಫ್ಲೋರೈಡ್ ಬೆರೆಸುತ್ತಾರೆ. 1945ರಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಲ್ಲಿ ಶುರುವಾದದ್ದು. 2015ರಿಂದ ಸರ್ಕಾರ ಹೇಳಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5. ನಮ್ಮ ಕಡೆಯ ಬೋರ್‌ವೆಲ್‌ಗಳ ಸಮಸ್ಯೆ ಆ ಗೆರೆ ದಾಟಿದ್ದು. ‘ಉಪ್ಪಿನ ಹಾಗೆ ಕಣಮ್ಮ, ಚಿಟಿಕೆಯಾದರೆ ರುಚಿ, ಹಿಡಿಯಾದರೆ ಯಾರು ತಿಂತಾರೆ?’ ಎಂದೆ. ಮೂರು ವರ್ಷದವರೆಗೆ ಪೇಸ್ಟು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಎಂದಾಗ ಅಮ್ಮ ಸ್ವಲ್ಪ ಮೆತ್ತಗಾದರು. ಅಕ್ಕಿಕಾಳಿನ ಅಳತೆ ಅವರಿಗೆ ಅರ್ಥವಾಗುತ್ತದೆ. ಇದ್ದಿದ್ದು ಹೇಳುವುದಾದರೆ ಅವರ ಪಕ್ಷಕ್ಕೆ ಇಲ್ಲೂ ಜನರಿದ್ದಾರೆ: 2025ರಲ್ಲಿ ಯೂಟಾ ರಾಜ್ಯ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದನ್ನೇ ನಿಲ್ಲಿಸಿತು. ಅದನ್ನು ನಾನು ಅಮ್ಮನಿಗೆ ಹೇಳಿಲ್ಲ.

ಇತ್ತೀಚೆಗೆ ಒಪ್ಪಂದವೊಂದಾಗಿದೆ. ಮೊದಲು ಅವನು ನನ್ನ ಹಲ್ಲು ಉಜ್ಜುತ್ತಾನೆ, ಆಮೇಲೆ ನಾನು ಅವನದು. ಮೊನ್ನೆ ನಾನು ಅವನ ಪುಟ್ಟ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದೆ. ಆಶ್‌ಬರ್ನ್‌ನಿಂದ ಹೊರಟ ರೈಲು ಹರ್ನ್‌ಡನ್‌ಗೆ ಬಂದು ನಿಂತುಬಿಟ್ಟಿತು. ‘ಅಪ್ಪ, ಕೊಳೆ’ ಎಂದ. ಎರಡೂ ಕೈಯಲ್ಲಿ ಬ್ರಶ್ ಹಿಡಿದು ಆ ಪಟ್ಟೆಯನ್ನು ತಿಕ್ಕತೊಡಗಿದ. ನೋವಾಯಿತು.

‘ಮೆಲ್ಲಗೆ ಕಂದ. ಅದು ಕೊಳೆಯಲ್ಲ, ಹೋಗಲ್ಲ.’

ಬಗ್ಗಿ ಹತ್ತಿರದಿಂದ ನೋಡಿದ. ಬೆರಳಿನಿಂದ ಒಮ್ಮೆ ಮುಟ್ಟಿದ. ಆಮೇಲೆ ಬ್ರಶ್ ಪಕ್ಕಕ್ಕೆ ಸರಿಸಿ, ‘ನೆಕ್ಸ್ಟ್ ಸ್ಟೇಷನ್ ರೆಸ್ಟನ್’ ಎಂದ.