ಜಿಂಕೆ ಕಾಣದ ಕಾಡಿನಲ್ಲಿ ಜಿಂಕೆ ಎಣಿಕೆ

ಬಂಡೀಪುರ, ನಾಗರಹೊಳೆ ನೋಡಿ ಕಣ್ಣು ಪಳಗಿದವರಿಗೆ ಅಣಶಿಯ ಕಾಡು ನಿರಾಸೆ ಮಾಡುತ್ತದೆ. ಅಲ್ಲಿ ರಸ್ತೆಬದಿಯಲ್ಲೇ ಹಿಂಡುಗಟ್ಟಲೆ ಚುಕ್ಕೆ ಜಿಂಕೆ ನಿಂತಿರುತ್ತವೆ. ಇಲ್ಲಿ ಬೆಳಗ್ಗೆಯಿಡೀ ನಡೆದರೂ ಒಂದು ಬಾಲ ಕಾಣುವುದಿಲ್ಲ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಗರಹೊಳೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಅಣಶಿ ಇರುವ ಜೋಯಿಡಾ ಕಡೆಗೆ ಬಂದರೆ ಇಷ್ಟು ಹಸಿರಿದೆ, ಜಿಂಕೆ ಎಲ್ಲಿ ಹೋದವು ಅನ್ನಿಸುವುದು ಸಹಜ. ಹಸಿರು ಇರುವುದೇನೋ ನಿಜ, ಆದರೆ ಇರುವುದು ತಲೆಯ ಮೇಲೆ, ಮೂತಿಗೆ ಎಟುಕದಷ್ಟು ಎತ್ತರದಲ್ಲಿ. ಮರಗಳ ಕೊಡೆ ಮುಚ್ಚಿಕೊಂಡ ಕಡೆ ನೆಲಕ್ಕೆ ಬಿಸಿಲು ಬೀಳದು, ಬಿಸಿಲು ಬೀಳದ ಕಡೆ ಹುಲ್ಲು ಹುಟ್ಟದು. ಕಡವೆ, ಕಾಡುಕುರಿ ಹೇಗೋ ಸಂಭಾಳಿಸುತ್ತವೆ, ಅದೂ ಒಂಟಿಯಾಗಿ, ಇಲ್ಲವೇ ಎರಡು ಮೂರು ಜೊತೆಯಾಗಿ. ಚುಕ್ಕೆ ಜಿಂಕೆಗೆ ಇಂಥ ಕಾಡು ಒಗ್ಗುವುದೇ ಇಲ್ಲ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ ಮನೆ, ನಗರದೊಳಗೆ ಕೆಲಸ, ರಜೆ ಸಿಕ್ಕಾಗ ಅಣಶಿಯೂ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಗಣತಿಯ ಸ್ವಯಂಸೇವಕ, ಇದು ನನ್ನ ಹವ್ಯಾಸ. ಹುಲಿ ಗಣತಿಯೆಂದರೆ ಹುಲಿಯನ್ನಷ್ಟೇ ಎಣಿಸುವುದಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಆ ಊಟ ಪ್ರತಿ ವರ್ಷ ಸಿಗುತ್ತಿರಬೇಕಾದರೆ ಹಿಂದೆ ಐನೂರರಷ್ಟು ಪ್ರಾಣಿಗಳ ಬಳಗ ಬದುಕಿರಬೇಕು ಎಂಬುದು ತಜ್ಞರ ಅಂದಾಜು. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಗಣತಿಯಲ್ಲಿ ಕಾಡಿನೊಳಗೆ 2 ಕಿಲೋಮೀಟರಿನ ನೇರ ಗೆರೆ ಹಾಕಿ, ಬೆಳಗಿನ ಹೊತ್ತು ಅದರ ಮೇಲೇ ನಡೆದು, ಕಂಡ ಗೊರಸಿನ ಪ್ರಾಣಿಯನ್ನೆಲ್ಲ ಬರೆದುಕೊಳ್ಳುತ್ತಾರೆ. ಅದಕ್ಕೆ ಎಲ್ಲರೂ ‘ಲೈನು’ ಅನ್ನುತ್ತಾರೆ.

ಈ ಕೆಲಸದ ಅರ್ಧ ಪಾಠ ನಾನು ಕಲಿತದ್ದು ಒಬ್ಬ ಬೇಟೆಗಾರನಿಂದ. ಅಣ್ಣನ ಮಗ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದಾನೆ. ಅಲ್ಲಿ ಬಿಲ್ಲು ಬೇಟೆಯ ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು, ಶರತ್ಕಾಲದಲ್ಲಿ ಬಿಳಿಬಾಲದ ಜಿಂಕೆಯ ಹಿಂದೆ ಬೀಳುತ್ತಾನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಇದು ಮಾತಿನಲ್ಲಿ ಮಾತ್ರ ಸಾಧ್ಯ. ಅತ್ತಿಗೆಯಂತೂ ಮನೆಗೆ ಬಂದವರ ಮುಂದೆ “ಅವ್ನು ಟ್ರೆಕ್ಕಿಂಗ್ ಹೋಗ್ತಾನೆ” ಎಂದು ಮಾತು ಮುಗಿಸುತ್ತಾರೆ. ಅವನು ಹೋಗುವ ಅಡಿರಾಂಡಾಕ್ ಬೆಟ್ಟಸೀಮೆ ಸುಮಾರು 24,000 ಚದರ ಕಿಲೋಮೀಟರ್, ನಮ್ಮ ಕಾಳಿಯಂಥವು ಹದಿನೈದಕ್ಕಿಂತ ಹೆಚ್ಚು ಹಿಡಿಸುತ್ತವೆ. ಅಲ್ಲಿನ ಸರ್ಕಾರಿ ಕಾಡಿನಲ್ಲಿ ಮರ ಕಡಿಯಬಾರದೆಂದು 1894ರಲ್ಲಿ ರಾಜ್ಯದ ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ಕಾಡು ಬಲಿತಿದೆ, ಕೆಳಗೆ ಚಿಗುರಿಲ್ಲ, ಜೊತೆಗೆ ಚಳಿಗಾಲದ ಹಿಮ. ಜಿಂಕೆ ವಿರಳ.

“ಚಿಕ್ಕಪ್ಪ, ಹತ್ತರಲ್ಲಿ ಒಂಬತ್ತು ಪಾಲು ಕಾಡು ಖಾಲಿ. ಆ ಒಂಬತ್ತನ್ನ ಬಿಟ್ಬಿಡೋದು ಕಲೀಬೇಕು ಅಷ್ಟೆ,” ಅಂದಿದ್ದ. ಬೀಚ್ ಮರದ ಕಾಯಿ ಉದುರಿದ ಜಾಗ, ಖಾಸಗಿ ಜಮೀನಿನಲ್ಲಿ ಮರ ಕಡಿದು ಚಿಗುರೆದ್ದ ಅಂಚು, ಎರಡು ಗುಡ್ಡದ ನಡುವಿನ ತಗ್ಗು, ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದ ಮರ. ಇಷ್ಟನ್ನೇ ಹುಡುಕಿಕೊಂಡು ಹೋಗುತ್ತಾನೆ. ಬಂದೂಕಿನವನಿಗೆ ದೂರ ಲೆಕ್ಕಕ್ಕಿಲ್ಲ. ಬಿಲ್ಲಿನವನಿಗೆ ಇಪ್ಪತ್ತು ಮೂವತ್ತು ಗಜವೇ ಲೋಕ.

ಅವನ ಮಾತು ಅಣಶಿಯಲ್ಲಿ ಅಕ್ಷರಶಃ ನಿಜ. ನನ್ನ ಜೊತೆ ಬರುತ್ತಿದ್ದ ಕುಣಬಿ ಸಮುದಾಯದ ಅರಣ್ಯ ವಾಚರ್ ನೆಲದಷ್ಟೇ ಮರದ ತುದಿಯನ್ನೂ ನೋಡುತ್ತಿದ್ದರು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಮುಷ್ಯಗಳು, ಅಂದರೆ ಕಪ್ಪು ಮೂತಿಯ ಮಂಗಗಳು, ಬಸರಿ ಮರದಲ್ಲಿ ಕೂತು ತಿನ್ನುವಾಗ ಅರ್ಧ ಕಚ್ಚಿದ ಹಣ್ಣು, ಎಳೆಯ ಚಿಗುರು ಕೆಳಗೆ ಬೀಳುತ್ತವೆ. ನೆಲದಲ್ಲಿ ಮೇವಿಲ್ಲದ ಕಾಡಿನಲ್ಲಿ ಜಿಂಕೆ ಜಾತಿಗೆ ಅದು ಮೇಲಿನಿಂದ ಬಂದ ಊಟ. ನೆಲ್ಲಿ ಉದುರುವ ಕಾಲದಲ್ಲಿ ನೆಲ್ಲಿ ಮರದ ಬುಡ, ಬೇಸಿಗೆಯಲ್ಲಿ ನೀರು ನಿಂತ ಹಳ್ಳ, ತೇಗದ ತೋಪು ಮುಗಿದು ಹುಲ್ಲು ಶುರುವಾಗುವ ಸಂದು. ಅವರ ತಲೆಯೊಳಗಿನ ನಕ್ಷೆಗೂ ಅಣ್ಣನ ಮಗನ ನಕ್ಷೆಗೂ ಸಮುದ್ರಗಳ ಅಂತರವಿದ್ದರೂ ತರ್ಕ ಒಂದೇ.

ತೊಡಕು ಶುರುವಾಗುವುದೂ ಇಲ್ಲಿಂದಲೇ.

ಒಂದು ಬೆಳಗ್ಗೆ ಅರ್ಧ ಗೆರೆ ಮುಗಿದರೂ ಏನೂ ಕಾಣದಿದ್ದಾಗ ವಾಚರ್ ತಾಳ್ಮೆಗೆಟ್ಟು, “ಕಡವಿ ಈ ಕಡಿ ಬರೂದಿಲ್ರಿ ಸಾಹೇಬ್ರ, ಹೊಳಿ ಕಡಿ ಹೋಗೂಣು ಬರ್ರಿ, ಬೇಕಾದಷ್ಟು ತೋರಸ್ತೇನಿ” ಎಂದರು. ತೋರಿಸುತ್ತಿದ್ದರು, ಅನುಮಾನವಿಲ್ಲ. “ಲೈನ್ ಬಿಟ್ಟು ಹೋಗೋ ಹಾಗಿಲ್ಲ ಅಣ್ಣ” ಎಂದೆ. ಬೇಟೆಗಾರ ಕೈಬಿಡುವ ಆ ಒಂಬತ್ತು ಪಾಲೇ ಎಣಿಸುವವನಿಗೆ ಬೇಕಾದದ್ದು. ಗೆರೆಯನ್ನು ಜಿಂಕೆ ಇರುವ ಕಡೆಗೆ ಬಾಗಿಸಿದರೆ, ಹೊಳೆಯ ದಡದ ನಾಲ್ಕು ಕಡವೆ ಇಡೀ ಕಾಡಿಗೆ ಗುಣಾಕಾರವಾಗಿ ಕಾಗದದ ಮೇಲೆ ಅಣಶಿ ಇನ್ನೊಂದು ನಾಗರಹೊಳೆಯಾಗುತ್ತದೆ. ಕಾಡು ಗೊತ್ತಿದ್ದವರೇ ಈ ಕೆಲಸದಲ್ಲಿ ಹೆಚ್ಚು ಅಪಾಯಕಾರಿ ಎಂದು ನನಗೆ ಬಲವಾಗಿ ಅನ್ನಿಸಿದೆ. ಅವರ ಕಾಲು ತಾನಾಗಿ ಒಳ್ಳೆಯ ಜಾಗದ ಕಡೆ ತಿರುಗುತ್ತದೆ. ಗೊತ್ತಿಲ್ಲದ ನಮ್ಮಂಥವರು ದಿಕ್ಸೂಚಿ ಹೇಳಿದಂತೆ ಮುಳ್ಳಿನಲ್ಲೂ ನೇರ ಹೋಗುತ್ತೇವೆ.

ಹಾಗೆಂದು ಬೇಟೆಗಾರನ ಕಣ್ಣು ಬೇಡವೆಂದಲ್ಲ. ಗೆರೆಯ ಮೇಲೇ ಇರುವ ಪ್ರಾಣಿ ತಪ್ಪಿಹೋಗಬಾರದು, ನಮ್ಮನ್ನು ಕಂಡು ಜಾಗ ಬದಲಿಸುವ ಮೊದಲೇ ನಾವು ಅದನ್ನು ಕಾಣಬೇಕು, ದೂರ ಸರಿಯಾಗಿ ಅಳೆಯಬೇಕು. ಇಡೀ ಲೆಕ್ಕ ನಿಂತಿರುವುದು ಈ ಮೂರರ ಮೇಲೆ. ಇಡೀ ಜಿಂಕೆಯನ್ನು ಹುಡುಕುವವನಿಗೆ ಜಿಂಕೆ ಸಿಗುವುದಿಲ್ಲ. ನಿಂತ ಮರಗಳ ನಡುವೆ ಅಡ್ಡಗೆರೆಯೊಂದು ಕಂಡರೆ ಅದು ಬೆನ್ನಿರಬಹುದು. ಅಲುಗಿದ ಎಲೆ ಕಿವಿಯಿರಬಹುದು. ಒಮ್ಮೆ ನನಗೆ ಕಂಡದ್ದು ಎರಡು ಕಾಲು ಮಾತ್ರ, ಪೊದೆಯ ಕೆಳಗೆ, ಮಣ್ಣಿನದೇ ಬಣ್ಣ. ಉಸಿರು ಬಿಗಿಹಿಡಿದು ರೇಂಜ್‌ಫೈಂಡರ್ ಎತ್ತಿದೆ, 38 ಮೀಟರ್. ದಿಕ್ಸೂಚಿಯಲ್ಲಿ ಗೆರೆಗೂ ಅದಕ್ಕೂ 30 ಡಿಗ್ರಿ ಕೋನ. ಅಂದರೆ ಗೆರೆಯಿಂದ ಲಂಬವಾಗಿ 19 ಮೀಟರ್. ಬರೆದು ಮುಗಿಸುವಷ್ಟರಲ್ಲಿ ನಾಯಿ ಬೊಗಳಿದಂಥ ಒಂದು ಕೂಗು. ಕಾಡುಕುರಿ. ಇಂಥ ಲಂಬ ದೂರಗಳೆಲ್ಲ ಸೇರಿದಾಗ, ಗೆರೆಯಿಂದ ದೂರ ಹೋದಂತೆ ನಮ್ಮ ಕಣ್ಣಿಗೆ ಎಷ್ಟು ತಪ್ಪಿಹೋಗುತ್ತವೆ ಎಂಬುದು ತಿಳಿಯುತ್ತದೆ, ಕಾಣದವುಗಳ ಅಂದಾಜೂ ಸಿಗುತ್ತದೆ. ಅದಕ್ಕೆ ಕನಿಷ್ಠ ನಲವತ್ತು, ಸಾಧ್ಯವಾದರೆ ಅರವತ್ತು ಎಂಬತ್ತು ನೋಟಗಳು ಬೇಕು. ನಾಗರಹೊಳೆಯಲ್ಲಿ ಅದು ಬೇಗ ಕೂಡುತ್ತದೆ. ಇಲ್ಲಿ ಅದೇ ಗೆರೆಗಳನ್ನು ಮತ್ತೆ ಮತ್ತೆ ನಡೆಯಬೇಕು.

ಗಾಳಿಯ ಪಾಠ ಮಾತ್ರ ನನಗೆ ಊರಿನಲ್ಲೇ ಆಯಿತು. ಜಿಂಕೆಯ ಕಣ್ಣು ತಪ್ಪಿಸಬಹುದು, ಮೂಗು ತಪ್ಪಿಸಲಾಗದು ಎಂದು ಅಣ್ಣನ ಮಗ ಪದೇ ಪದೇ ಹೇಳುತ್ತಿದ್ದ. ಅವನ ಜೇಬಿನಲ್ಲಿ ಪುಡಿ ತುಂಬಿದ ಪುಟ್ಟ ಬಾಟಲಿ ಇರುತ್ತದೆ. ಒತ್ತಿದರೆ ಪುಡಿ ಹಾರಿ ಗಾಳಿ ಎತ್ತ ಎಂದು ಹೇಳುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಬೆಳಗ್ಗೆ ನಡೆಯುವ ನಮಗೆ ಆ ಖರ್ಚಿಲ್ಲ. ಮೈಸೂರು ರಸ್ತೆ ಕಡೆಯಿಂದ ಗಾಳಿ ಬೀಸಿದ ಕೂಡಲೇ ವೃಷಭಾವತಿಯ ನಾತ ಮೂಗಿಗೆ ಬಡಿಯುತ್ತದೆ, ಗಾಳಿ ತಿರುಗಿದರೆ ನೀಲಗಿರಿ ಎಲೆಯ ವಾಸನೆ. ಹೀಗೆ ಗಮನಿಸಿ ಗಮನಿಸಿ, ಕಾಡಿನಲ್ಲಿ ಬೆಳಗಿನ ತಂಪು ಗಾಳಿ ಹಳ್ಳಕ್ಕೆ ಇಳಿಯುವುದೂ ಬಿಸಿಲೇರಿದ ಮೇಲೆ ಅದೇ ಗಾಳಿ ಗುಡ್ಡ ಹತ್ತುವುದೂ ಚರ್ಮಕ್ಕೆ ತಿಳಿಯತೊಡಗಿತು. ಆವರಣದ ನವಿಲುಗಳ ದೂರವನ್ನು ಕಣ್ಣಳತೆಯಲ್ಲಿ ಹೇಳಿ, ಹೆಜ್ಜೆ ಹಾಕಿ ಪರೀಕ್ಷಿಸುವುದು ಇನ್ನೊಂದು ಅಭ್ಯಾಸ. ನೋಡಿದವರು ಏನಂದುಕೊಳ್ಳುತ್ತಾರೋ, ಕೇಳಲು ಹೋಗಿಲ್ಲ.

ಗಣತಿಗೆ ಜೊತೆಗೆ ಬಂದ ಹುಡುಗರನ್ನು ಹೆಚ್ಚು ಕಾಡುವುದು ಸೊನ್ನೆ. ಏನೂ ಕಾಣದ ಬೆಳಗ್ಗೆ ಹಾಳೆಯನ್ನು ಖಾಲಿ ಬಿಟ್ಟು ಕೊಡುತ್ತಾರೆ. ಖಾಲಿ ಹಾಳೆ ಬೇರೆ, ಸೊನ್ನೆ ಬೇರೆ. ಹೊರಟ ಸಮಯ, ಮುಗಿದ ಸಮಯ, ನಡೆದ ದೂರ ಬರೆದು ಸೊನ್ನೆ ಹಾಕಿದರೆ ಅಷ್ಟು ಕಾಡನ್ನು ನೋಡಲಾಗಿದೆ ಎಂದರ್ಥ. ಖಾಲಿ ಬಿಟ್ಟರೆ ಯಾರೂ ಹೋಗಿಲ್ಲವೆಂದೂ ಓದಬಹುದು. ಕಾಳಿಯಂಥ ಕಡೆ ಸೊನ್ನೆಗಳೇ ಬಹುಪಾಲು ಮಾಹಿತಿ.

ಜಿಂಕೆ ಕಾಣದಿದ್ದರೂ ಗೆರೆಯ ಮೇಲೆ ಮಾಡುವ ಇನ್ನೊಂದು ಕೆಲಸವಿದೆ, ಹಿಕ್ಕೆ ಎಣಿಸುವುದು. ಪ್ರತಿ 400 ಮೀಟರಿಗೆ ನಿಂತು, 20 ಮೀಟರ್ ಉದ್ದ 2 ಮೀಟರ್ ಅಗಲದ ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ಬರೆಯಬೇಕು. ಫೋಟೊ ಹಿಡಿಯಲು ಬಂದವರಿಗೆ ಇದು ಶಿಕ್ಷೆ. ನನಗೆ ಇಂಥ ಕಾಡಿನಲ್ಲಿ ಕಣ್ಣಿನ ನೋಟಕ್ಕಿಂತ ಇದರ ಮೇಲೆ ನಂಬಿಕೆ ಹೆಚ್ಚು. ರಾತ್ರಿ ಬಂದು ಹೋದ ಕಡವೆಯೂ ಇಲ್ಲಿ ಸಹಿ ಹಾಕಿರುತ್ತದೆ. ದಪ್ಪನೆಯದು ಕಡವೆಯದು, ಸಣ್ಣದು ಕಾಡುಕುರಿಯದು, ನಡುವಿನ ಗಾತ್ರ ಬಂದಾಗ ನನಗೂ ವಾಚರಿಗೂ ವಾದ. ತೊಂದರೆಯೆಂದರೆ ಮಳೆ. ಒಂದು ಜೋರು ಮಳೆ ಬಿದ್ದರೆ, ಸಗಣಿ ಹುಳುಗಳು ಕೆಲಸ ಶುರು ಮಾಡಿದರೆ ಗುರುತೇ ಉಳಿಯುವುದಿಲ್ಲ. ಹಾಗಾಗಿ ಈ ಎಣಿಕೆಯೆಲ್ಲ ಒಣ ತಿಂಗಳುಗಳಲ್ಲೇ ಮುಗಿಯಬೇಕು. ಅಕಾಲದಲ್ಲಿ ಮೋಡ ಕಂಡರೆ ಕ್ಯಾಂಪಿನಲ್ಲಿ ಮಿಕ್ಕವರು ತಂಪಾಯಿತೆಂದು ಖುಷಿಪಡುತ್ತಾರೆ. ನಾವಿಬ್ಬರು ಮಾತ್ರ ಮರುದಿನದ ಹಾಳೆಯ ಬಗ್ಗೆ ಗೊಣಗುತ್ತಿರುತ್ತೇವೆ.