ಗುಣಕ್ಕೆ ಅಂಕವುಂಟೆ?
(‘ಅಲ್ಟಿಮಾ’ ಎಂಬ ಗಣಕಯಂತ್ರದ ಆಟವನ್ನು ಕುರಿತ ಒಂದು ಅಧ್ಯಯನ)

ಆಟವು ಪಾಠಕ್ಕೆ ವಿರೋಧಿಯೆಂಬ ಭಾವನೆ ವಿದ್ಯಾಲಯಗಳಲ್ಲಿ ಬಹುಕಾಲದಿಂದ ಬೇರೂರಿದೆ. ಗಣಕಯಂತ್ರದ ತೆರೆಯ ಮೇಲೆ ಆಡುವ ವಿಡಿಯೋ ಆಟಗಳ ವಿಷಯದಲ್ಲಂತೂ ಅದು ಇನ್ನಷ್ಟು ಪ್ರಬಲವಾಗಿದೆ. ಅವು ಮಕ್ಕಳ ಕಾಲವನ್ನು ಕಬಳಿಸುತ್ತವೆ, ಹಿಂಸೆಗೆ ರುಚಿ ಹತ್ತಿಸುತ್ತವೆ ಎಂಬ ಆಕ್ಷೇಪಣೆ ಸಂಪೂರ್ಣ ನಿರಾಧಾರವೆಂದು ಯಾರೂ ಹೇಳಲಾರರು. ಆದರೆ ಇಂಥದೇ ಆಕ್ಷೇಪಣೆಗೆ ಕಿವಿಗೊಟ್ಟು, ಆಟದ ಮೂಲಕವೇ ಉತ್ತರ ಕೊಡಲು ಹೊರಟ ಒಬ್ಬ ಅಮೆರಿಕನ್ ತರುಣನ ಪ್ರಯತ್ನವು ಶಿಕ್ಷಕರ ಪರಿಶೀಲನೆಗೆ ಅರ್ಹವಾಗಿದೆ. ಗುಣವನ್ನು ಕಲಿಸಬಹುದೆ, ಕಲಿಸಿದ ಗುಣವನ್ನು ಅಳೆಯಬಹುದೆ ಎಂಬ ಪ್ರಶ್ನೆಯೇ ಆ ಪ್ರಯತ್ನದ ತಿರುಳು.

ಆಟದ ಪೂರ್ವೇತಿಹಾಸ

ಭಾರತದಲ್ಲಿ ಹುಟ್ಟಿದ ಚತುರಂಗವು ಪರ್ಷಿಯಾ ಮತ್ತು ಅರಬ್ ದೇಶಗಳ ಮಾರ್ಗವಾಗಿ ಯೂರೋಪನ್ನು ಸೇರಿತು. ೧೭೮೦ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬಾತನು ಚದುರಂಗದ ಮಣೆಯನ್ನೇ ಹಿಗ್ಗಿಸಿ ಯುದ್ಧದ ಆಟವೊಂದನ್ನು ರಚಿಸಿದನು. ೧೮೨೪ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್ವಿಟ್ಸ್, ಭೂಪಟ, ದಾಳ ಮತ್ತು ಒಬ್ಬ ತೀರ್ಪುಗಾರನನ್ನು ಕೂಡಿಸಿ ಸೇನಾಧಿಕಾರಿಗಳ ತರಬೇತಿಗೆ ಒದಗುವ ‘ಕ್ರೀಗ್‌ಶ್ಪೀಲ್’ ಆಟವನ್ನು ಸಿದ್ಧಪಡಿಸಿದನು. ಇಂದಿನ ವ್ಯೂಹಪ್ರಧಾನ ಆಟಗಳ ಮೂಲ ಇಲ್ಲಿದೆ.

೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಆಟಗಾರನು ಸೈನ್ಯವನ್ನು ನಡೆಸುವುದಿಲ್ಲ. ಒಬ್ಬ ವೀರನಾಗಿಯೋ ಮಾಂತ್ರಿಕನಾಗಿಯೋ ಪಾತ್ರ ವಹಿಸುತ್ತಾನೆ. ಮಾಯೆ, ಮಂತ್ರ, ರೆಕ್ಕೆಯ ಸರ್ಪಗಳ ಆ ಕಲ್ಪಿತ ಲೋಕಕ್ಕೆ ಟೋಲ್ಕಿನ್ ಮೊದಲಾದವರ ಕಥೆಗಳು ಸಾಮಗ್ರಿ ಒದಗಿಸಿದವು. ಮುಂದೆ ಗಣಕಯಂತ್ರವು ತೀರ್ಪುಗಾರನ ಸ್ಥಾನವನ್ನು ವಹಿಸಿಕೊಂಡಿತು. ವ್ಯೂಹದ ಆಟ ಕೇಳುವುದು ಗೆಲ್ಲುವ ಬಗೆ ಯಾವುದೆಂದು. ಪಾತ್ರಧಾರಣೆಯ ಆಟದಲ್ಲಿ ಬಾಳುವ ಬಗೆ ಯಾವುದೆಂಬ ಪ್ರಶ್ನೆಗೂ ಎಡೆಯುಂಟು.

ಶತ್ರುವಿಲ್ಲದ ಆಟ

ರಿಚರ್ಡ್ ಗ್ಯಾರಿಯಟ್ ೧೯೬೧ರಲ್ಲಿ ಜನಿಸಿದನು. ತಂದೆ ಓವೆನ್ ಗ್ಯಾರಿಯಟ್ ೧೯೭೩ರಲ್ಲಿ ‘ಸ್ಕೈಲ್ಯಾಬ್’ ಅಂತರಿಕ್ಷ ನಿಲ್ದಾಣದಲ್ಲಿದ್ದ ಗಗನಯಾತ್ರಿ. ಪ್ರೌಢಶಾಲೆಯ ದಿನಗಳಲ್ಲಿಯೇ ಆಟಗಳನ್ನು ಬರೆಯತೊಡಗಿದ ರಿಚರ್ಡ್, ೧೯೮೧ರಿಂದ ೧೯೮೩ರವರೆಗೆ ‘ಅಲ್ಟಿಮಾ’ ಮಾಲೆಯ ಮೂರು ಆಟಗಳನ್ನು ಹೊರತಂದನು. ಮೂರರಲ್ಲಿಯೂ ಗುರಿ ಒಂದೇ: ದುಷ್ಟಶಕ್ತಿಯೊಂದರ ಸಂಹಾರ. ಆ ಗುರಿಯನ್ನು ಮುಟ್ಟುವ ದಾರಿಯಲ್ಲಿ ಅಂಗಡಿಯಿಂದ ಕದ್ದರೂ, ನಿರಪರಾಧಿ ಪುರಜನರನ್ನು ಕೊಂದರೂ ಆಟಗಾರನ ಕೀರ್ತಿಗೆ ಕುಂದಿರಲಿಲ್ಲ. ಇಂಥ ಆಟಗಳು ಮಕ್ಕಳನ್ನು ಕೆಡಿಸುತ್ತವೆಂದು ಆಕ್ಷೇಪಿಸುವ ಪತ್ರಗಳು ಅವನಿಗೆ ಬಂದವು. ಆಟಗಾರರು ಅಡ್ಡದಾರಿಯಲ್ಲಿ ಗೆಲ್ಲುತ್ತಿದ್ದುದು ಅವನ ಗಮನಕ್ಕೂ ಬಂದಿತು.

೧೯೮೫ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಹೊರತಂದ ನಾಲ್ಕನೆಯ ಆಟದಲ್ಲಿ ಕೊಲ್ಲಬೇಕಾದ ಮಹಾಶತ್ರುವೇ ಇಲ್ಲ. ಪ್ರಾಮಾಣಿಕತೆ, ಅನುಕಂಪ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ತನ್ನಲ್ಲಿ ರೂಢಿಸಿಕೊಂಡು ಆಟಗಾರನು ‘ಅವತಾರ’ನಾಗಬೇಕು. ಪದ ಸಂಸ್ಕೃತದ್ದು, ಅರ್ಥ ಮಾತ್ರ ತಿರುವುಮುರುವಾಗಿದೆ. ದೈವವು ಇಳಿದು ಬರುವುದು ಅವತಾರವೆಂಬುದು ಪುರಾಣದ ಮಾತು. ಮನುಷ್ಯನೇ ಆಚರಣೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಆಟದ ಮಾತು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಸಾಧನೆಯನ್ನು ಬಲ್ಲವರಿಗೆ ಈ ಏರುವಿಕೆ ಅಪರಿಚಿತವೆನಿಸದು. ಇದನ್ನು ಹೋಲಿಕೆಯೆಂದಷ್ಟೇ ಗ್ರಹಿಸಬೇಕು, ಸಂಬಂಧವೆಂದಲ್ಲ.

ಕುರುಡು ವ್ಯಾಪಾರಿಯ ಅಂಗಡಿ

ಆಟದ ರಚನೆಯಲ್ಲಿ ಅತ್ಯಂತ ಗಮನಾರ್ಹವಾದುದು ಮಂತ್ರಕ್ಕೆ ಬೇಕಾದ ಮೂಲಿಕೆ ಮುಂತಾದ ದ್ರವ್ಯಗಳನ್ನು ಮಾರುವವರ ಪ್ರಸಂಗ. ಅವರು ಕುರುಡರು. ಬೆಲೆಯನ್ನು ಹೇಳುತ್ತಾರೆ, ಹಣವನ್ನು ಎಣಿಸಿಡುವ ಕೆಲಸ ಆಟಗಾರನದು. ಕಡಿಮೆ ಕೊಟ್ಟರೂ ಸರಕು ದೊರೆಯುತ್ತದೆ. ಯಾರೂ ಕೂಗುವುದಿಲ್ಲ, ಕಾವಲುಗಾರ ಓಡಿಬರುವುದಿಲ್ಲ. ಆದರೆ ಯಂತ್ರದೊಳಗೆ ಪ್ರಾಮಾಣಿಕತೆಯ ಲೆಕ್ಕ ಇಳಿಯುತ್ತದೆ. ಯಾರೂ ಕಾಣದಿರುವಾಗಿನ ನಡತೆಯೇ ನಿಜವಾದ ನಡತೆಯೆಂಬ ಪಾಠಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರಕುವುದು ಕಷ್ಟ.

ಭಿಕ್ಷುಕನಿಗೆ ಕೊಟ್ಟರೆ ಅನುಕಂಪ ಏರುತ್ತದೆ. ಕಾಳಗದಿಂದ ಓಡಿಹೋದರೆ ಶೌರ್ಯ ಇಳಿಯುತ್ತದೆ. ತನ್ನ ಹಿರಿಮೆಯನ್ನು ಕೊಚ್ಚಿಕೊಂಡರೆ ವಿನಯ ಕುಂದುತ್ತದೆ. ವಿನಯಕ್ಕೆ ಸೇರಿದ ಊರು, ಗರ್ವದಿಂದ ಹಾಳಾದ ಒಂದು ಪಟ್ಟಣ. ವಿನಯದ ಪಾತ್ರವಾದ ಕುರುಬ ಎಂಟು ಪಾತ್ರಗಳಲ್ಲಿಯೂ ಬಲಹೀನ. ಒಮ್ಮೆ ಗಳಿಸಿದ ಗುಣವಾದರೂ ದುರ್ನಡತೆಯಿಂದ ಕಳೆದುಹೋಗುತ್ತದೆ.

ಈ ಲೆಕ್ಕದ ಅಂಕಿಗಳನ್ನು ಆಟಗಾರನು ಕಾಣಲಾರನು. ಅರಮನೆಯಲ್ಲಿರುವ ಒಬ್ಬ ಜ್ಞಾನಿಯನ್ನು ಕೇಳಿದರೆ, ಅವನು ಅಂಕಿಯನ್ನು ಹೇಳದೆ, ಇನ್ನೂ ಎಲ್ಲಿ ಕೊರತೆಯಿದೆಯೆಂಬುದನ್ನು ಮಾತಿನಲ್ಲಿ ತಿಳಿಸುತ್ತಾನೆ.

ಒಂದು ನಾಣ್ಯದ ದಾನ

ಇಷ್ಟಾದರೂ ಯಂತ್ರವು ಕೃತಿಯನ್ನು ಎಣಿಸಬಲ್ಲುದೇ ಹೊರತು ಭಾವವನ್ನು ಅರಿಯಲಾರದು. ಒಂದೇ ಒಂದು ನಾಣ್ಯ ಕೊಟ್ಟರೂ ಅನುಕಂಪ ಏರುವುದೆಂಬುದನ್ನು ಆಟಗಾರರು ಬೇಗನೆ ಕಂಡುಕೊಂಡರು. ಥೈಲಿಯ ತುಂಬ ಹೊನ್ನಿದ್ದವನು ಭಿಕ್ಷುಕನೆದುರು ನಿಂತು ಒಂದೊಂದೇ ನಾಣ್ಯವನ್ನು ಮತ್ತೆ ಮತ್ತೆ ನೀಡಿ ಕರುಣಾಳುವೆನಿಸಿಕೊಳ್ಳಬಹುದಾಯಿತು. ಭಿಕ್ಷುಕನ ಹಸಿವು ಅವನ ಗಮನದಲ್ಲಿಲ್ಲ; ತನ್ನ ಲೆಕ್ಕ ಮಾತ್ರ ಇದೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗುತ್ತದೆ. ಕೊಡುವವನೆಂಬ ಭಾವ ಅಳಿದಲ್ಲಿ ದಾಸೋಹ. ಅಲ್ಲಿ ಎಣಿಕೆಗೆ ಎಡೆಯಿಲ್ಲ.

೧೯೮೮ರಲ್ಲಿ ಬಂದ ಐದನೆಯ ಆಟವು ಸಮಸ್ಯೆಯ ಇನ್ನೊಂದು ಮುಖವನ್ನು ತೋರಿಸಿತು. ರಾಜನು ಕಾಣೆಯಾಗಿರುವಾಗ ಬ್ಲ್ಯಾಕ್‌ಥಾರ್ನ್ ಎಂಬವನು ಅಧಿಕಾರ ನಡೆಸುತ್ತ, ಅದೇ ಎಂಟು ಗುಣಗಳನ್ನು ಕಾನೂನಾಗಿ ಸಾರುತ್ತಾನೆ. ಸುಳ್ಳಾಡಿದವನಿಗೆ ನಾಲಗೆಯ ಛೇದನ. ಆದಾಯದ ಅರ್ಧವನ್ನು ದಾನಮಾಡದವನಿಗೆ ಆದಾಯವೇ ಇಲ್ಲ. ಗುಣಗಳ ಹೆಸರು ಬದಲಾಗಿಲ್ಲ, ನಾಡು ಮಾತ್ರ ನರಕವಾಗಿದೆ. ಲೆಕ್ಕಕ್ಕಾಗಿ ಮಾಡಿದ ಸದಾಚಾರ ಪೊಳ್ಳಾದರೆ, ದಂಡಕ್ಕೆ ಅಂಜಿ ಮಾಡಿದ ಸದಾಚಾರ ಕ್ರೌರ್ಯಕ್ಕೆ ಆಸರೆಯಾಗುತ್ತದೆ.

ಉಪಸಂಹಾರ

ಶಾಲೆಯೂ ಅಂಕಗಳ ಲೋಕವೇ. ಗಣಿತಕ್ಕೆ, ವ್ಯಾಕರಣಕ್ಕೆ ಅಂಕ ಬೇಕು, ಅದರಲ್ಲಿ ವಿವಾದವಿಲ್ಲ. ಆದರೆ ನಡತೆಗೂ ಅಂಕವಿಟ್ಟು ಫಲಕದ ಮೇಲೆ ಬರೆದರೆ, ಚುರುಕಾದ ಬಾಲಕನು ಒಂದು ನಾಣ್ಯದ ದಾನವನ್ನು ಕಲಿತುಬಿಡುತ್ತಾನೆ. ಬೆತ್ತದಿಂದ ನಡತೆಯನ್ನು ಹೇರಿದರೆ ಬೆತ್ತ ಕಾಣುವಷ್ಟು ದೂರ ಮಾತ್ರ ಅದು ನಿಲ್ಲುತ್ತದೆ. ಅಂಕಿಯನ್ನು ಮರೆಮಾಡಿ, ವಿದ್ಯಾರ್ಥಿಯನ್ನು ಬಳಿಗೆ ಕರೆದು, ಅವನ ಕೊರತೆಯನ್ನು ಅವನಿಗೊಬ್ಬನಿಗೇ ಮಾತಿನಲ್ಲಿ ತಿಳಿಸುವ ಆ ಅರಮನೆಯ ಜ್ಞಾನಿಯ ರೀತಿ ಶಿಕ್ಷಕರಿಗೆ ಅನುಕರಣೀಯವಾಗಿದೆ. ಅರಿವು ಆಚಾರವಾಗುವುದು ಅಂಥ ಮಾತಿನಿಂದ. ಮತ್ತು ಕಾಣುವವರಿಲ್ಲದ ಅಂಗಡಿಯಲ್ಲಿ ಪೂರ್ಣ ಬೆಲೆ ತೆರುವ ಅಭ್ಯಾಸದಿಂದ.